ಥಾರ್ ಮರುಭೂಮಿಗೆ ಮ್ಯಾರಥಾನ್ ಪ್ಲಸ್ ಟೈರು: ಮುಳ್ಳಿಗೆ ಸೈ, ಮರಳಿಗೆ ಅಲ್ಲ

ಜೈಸಲ್ಮೇರ್, ರಾಮ್‌ಗಢ, ತನೋಟ್, ಲೋಂಗೇವಾಲಾ ಸುತ್ತು ಹೊಡೆಯಲಿ, ಬೀಕಾನೇರ್‌ನಿಂದ ಬಾಡ್ಮೇರ್‌ವರೆಗೆ ಉದ್ದಕ್ಕೆ ಹೋಗಲಿ, ಇಬ್ಬರು ಗೆಳೆಯರು ಸಾಮಾನು ಹೇರಿಕೊಂಡು ಸೈಕಲ್ಲಿನಲ್ಲಿ ಹೊರಟಿದ್ದರೆ ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಟೈರು ಹಾಕಿಸಿಕೊಳ್ಳಿ ಎಂದು ಧೈರ್ಯವಾಗಿ ಹೇಳಬಹುದು. ಮರುಭೂಮಿ ಎಂದ ಕೂಡಲೇ ಎಲ್ಲರೂ ಟೈರಿನ ಅಗಲ ವಿಚಾರಿಸುತ್ತಾರೆ. ಆದರೆ ಥಾರ್‌ನಲ್ಲಿ ಸೈಕಲ್ ಓಡುವುದು ಮುಕ್ಕಾಲು ಪಾಲು ಡಾಂಬರಿನ ಮೇಲೆ. ಅದರಲ್ಲಿ ರಾಷ್ಟ್ರೀಯ ಹೆದ್ದಾರಿ ಇದೆ, ಸೇನೆಯ ಲಾರಿಗಳಿಗಾಗಿ ಹಾಕಿದ ಗಡಿ ರಸ್ತೆ ಇದೆ, ಹಳ್ಳಿಯಿಂದ ಹಳ್ಳಿಗೆ ಹೋಗುವ ಒಂದೇ ಗಾಡಿ ಅಗಲದ ದಾರಿ ಇದೆ. ಅಲ್ಲಿ ದಿನವಿಡೀ ಕಾಡುವುದು ಮುಳ್ಳು. ಮುಳ್ಳಿಗೆ ಬೇಕಾದದ್ದು ದಪ್ಪ, ಮತ್ತು ಈ ಟೈರಿನಲ್ಲಿ ಇರುವುದೇ ದಪ್ಪ. ಅದೇ ದಪ್ಪದಿಂದ ಬರುವ ತೊಂದರೆಗಳೂ ಸಾಕಷ್ಟಿವೆ, ಅವನ್ನು ತಿಳಿಯದೆ ಕೊಂಡರೆ ತನೋಟ್ ರಸ್ತೆಯ ಬಿಸಿಲಲ್ಲಿ ಕೂತು ಬೈದುಕೊಳ್ಳಬೇಕಾಗುತ್ತದೆ.

ಸಾಮಾನ್ಯ ಪ್ರವಾಸಿ ಟೈರುಗಳಲ್ಲಿ ಹೊರಗಿನ ರಬ್ಬರಿನ ಕೆಳಗೆ ತೆಳ್ಳಗಿನ ಗಟ್ಟಿ ಬಟ್ಟೆಯ ಪಟ್ಟಿ ಕೂರಿಸಿರುತ್ತಾರೆ. ಮ್ಯಾರಥಾನ್ ಪ್ಲಸ್‌ನಲ್ಲಿ ಅದರ ಜಾಗದಲ್ಲಿ 5 ಮಿ.ಮೀ. ದಪ್ಪದ ಮೆತ್ತನೆಯ ರಬ್ಬರು ಪದರ ಇದೆ, ಕಂಪನಿ ಅದನ್ನು ಸ್ಮಾರ್ಟ್‌ಗಾರ್ಡ್ ಎನ್ನುತ್ತದೆ. ಹಳೇ ಟೈರು ಕತ್ತರಿಸಿ ನೋಡಿದರೆ ಕಪ್ಪು ರಬ್ಬರಿನ ಕೆಳಗೆ ಈ ಪದರ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಮುಳ್ಳು ಹೊರಗಿನ ರಬ್ಬರು ದಾಟಿ, ಈ 5 ಮಿ.ಮೀ. ದಾಟಿ, ಆಮೇಲೆ ಟೈರಿನ ನೂಲು ದಾಟಿದರೆ ಮಾತ್ರ ಟ್ಯೂಬು ಸಿಗುವುದು. ಡ್ರಾಯಿಂಗ್ ಪಿನ್ ಪೂರ್ತಿ ಒಳಹೊಕ್ಕರೂ ಅದರ ಮೊನೆ ಟ್ಯೂಬಿಗೆ ತಾಗುವುದಿಲ್ಲ. ಕಂಪನಿಯ ಹಳೇ ಅಳತೆಪಟ್ಟಿಯಲ್ಲಿ ಪಂಕ್ಚರ್ ತಡೆಗೆ 7ಕ್ಕೆ 7 ಕೊಟ್ಟಿದ್ದು ಇದಕ್ಕೇ. ಬರೀ ಮ್ಯಾರಥಾನ್ ಎಂಬ ಹೆಸರಿನದರಲ್ಲಿ ಇಂಥದೇ ಪದರ 3 ಮಿ.ಮೀ. ಇರುತ್ತದೆ. ಅಂಗಡಿಯಲ್ಲಿ ಎರಡನ್ನೂ ಮ್ಯಾರಥಾನ್ ಎಂದೇ ಕರೆದು ಕೈಗೆ ಕೊಡುತ್ತಾರೆ, ಪಕ್ಕದಲ್ಲಿ ಪ್ಲಸ್ ಎಂಬ ಅಚ್ಚು ಇದೆಯೇ ನೋಡಿಕೊಳ್ಳಿ.

ಥಾರ್‌ನ ಮುಳ್ಳು ನಮಗೆ ಹೊಸದಲ್ಲ. ಅಲ್ಲಿನವರು ವಿಲಾಯತಿ ಬಬೂಲ್ ಎನ್ನುವುದು ನಮ್ಮ ಬಳ್ಳಾರಿ ಜಾಲಿಯನ್ನೇ. ಗೋಖರು ಎಂದರೆ ನೆಗ್ಗಿಲು. ಈ ಎರಡೂ ಟೈರಿಗೆ ಮಾಡುವ ಕೆಲಸ ಬೇರೆ ಬೇರೆ. ನೆಗ್ಗಿಲ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಂತಿರುತ್ತದೆ. ಅದು ಬೆಳೆಯುವುದು ಡಾಂಬರಿನ ಅಂಚಿಗೆ ಹೊಂದಿಕೊಂಡ ಮಣ್ಣಿನಲ್ಲಿ. ಒಂದೇ ಗಾಡಿಯ ರಸ್ತೆಯಲ್ಲಿ ಲಾರಿ ಎದುರಾದಾಗ ಸೈಕಲ್ ಇಳಿಸಬೇಕಾದ ಜಾಗವೂ ಅದೇ. ಮುಳ್ಳು ಚಿಕ್ಕದು, ಆದರೆ ಒಂದು ಸಲ ಮಣ್ಣಿಗಿಳಿದರೆ ಹತ್ತಾರು ಚುಚ್ಚಿಕೊಳ್ಳುತ್ತವೆ. ತೆಳು ಟೈರಿಗೆ ಅಲ್ಲಿಗೇ ಮುಗಿಯಿತು. ಪ್ಲಸ್‌ಗೆ ಇದು ಲೆಕ್ಕಕ್ಕೇ ಇಲ್ಲ, ಮುಳ್ಳು ಸ್ಮಾರ್ಟ್‌ಗಾರ್ಡಿನ ಅರ್ಧದಲ್ಲೇ ನಿಂತುಬಿಡುತ್ತದೆ.

ಜಾಲಿ ಮುಳ್ಳಿನ ಕಥೆ ಹಾಗಲ್ಲ. ಅದು 4–5 ಸೆಂ.ಮೀ. ಉದ್ದಕ್ಕೂ ಬೆಳೆಯುತ್ತದೆ. ಬೇಲಿಗೆಂದು ಕಡಿದ ಕೊಂಬೆಗಳನ್ನು ರಸ್ತೆಯ ಮೇಲೆ ಎಳೆದುಕೊಂಡು ಹೋದ ಕಡೆ, ರಸ್ತೆ ಬದಿಯ ಪೊದೆ ಸವರಿದ ಕಡೆ ಉದುರಿರುತ್ತದೆ. ಹೆಚ್ಚಿನವು ಅಡ್ಡ ಬಿದ್ದಿರುವುದರಿಂದ ಚಕ್ರ ಅವನ್ನು ಮುರಿದು ಮುಂದೆ ಹೋಗುತ್ತದೆ. ಕೊಂಬೆಯ ತುಂಡಿಗೆ ಅಂಟಿಕೊಂಡು ನೆಟ್ಟಗೆ ನಿಂತಿರುವ ಮುಳ್ಳು ಮಾತ್ರ ಒಳಗಿಳಿಯುತ್ತದೆ, ಒಳಗಿಳಿದು ರಬ್ಬರಿನ ಮಟ್ಟಕ್ಕೆ ಮುರಿಯುತ್ತದೆ. ಹೊರಗಿನಿಂದ ಕಾಣುವುದು ಗಸಗಸೆಯಷ್ಟು ಕಂದು ಚುಕ್ಕೆ. ಗಾಳಿ ಹೋಗಿರುವುದಿಲ್ಲ. ಆದರೆ ಚಕ್ರ ಒಂದೊಂದು ಸುತ್ತು ತಿರುಗಿದಾಗಲೂ ನೆಲ ಆ ಮೊನೆಯನ್ನು ಕೂದಲೆಳೆಯಷ್ಟು ಒಳಕ್ಕೆ ಒತ್ತುತ್ತದೆ. ಇವತ್ತು ಚುಚ್ಚಿದ ಮುಳ್ಳು ನಾಳೆ ಮಧ್ಯಾಹ್ನ ಪಂಕ್ಚರ್ ಮಾಡುವುದು ಹೀಗೆ. ಪ್ಲಸ್ ಪಂಕ್ಚರನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಮುಂದೂಡುತ್ತದೆ ಎನ್ನುವುದು ಸರಿಯಾದ ಮಾತು. ಹಾಗೆ ಸಿಕ್ಕ ಸಮಯವನ್ನು ಬಳಸಿಕೊಂಡವರಿಗೆ ಮಾತ್ರ ಈ ಟೈರಿನ ಪೂರ್ತಿ ಲಾಭ.

ಆದ್ದರಿಂದ ಸಂಜೆ ಟೆಂಟು ಹಾಕುವ ಮೊದಲೋ ಧರ್ಮಶಾಲೆಯ ಅಂಗಳದಲ್ಲೋ ಪ್ರತಿ ಚಕ್ರಕ್ಕೆ ಐದು ನಿಮಿಷ ಕೊಡಿ. ಬ್ಯಾಗು ಇಳಿಸಿ, ಒಬ್ಬರು ಸೈಕಲನ್ನು ಎತ್ತಿ ಹಿಡಿದು ಚಕ್ರವನ್ನು ನಿಧಾನಕ್ಕೆ ತಿರುಗಿಸಲಿ, ಇನ್ನೊಬ್ಬರು ಹೆಡ್‌ಲ್ಯಾಂಪ್ ಬೆಳಕನ್ನು ಅಡ್ಡಲಾಗಿ ಬಿಟ್ಟು ನೋಡಲಿ. ನೇರ ಬೆಳಕಿನಲ್ಲಿ ಮುಳ್ಳಿನ ತುದಿ ಕಾಣುವುದಿಲ್ಲ, ಅಡ್ಡ ಬೆಳಕಿನಲ್ಲಿ ಕಾಣುತ್ತದೆ. ಕೀಳಲು ಸೇಫ್ಟಿ ಪಿನ್ ಮತ್ತು ಮೊನೆ ಚೂಪಾದ ಚಿಮಟ ಸಾಕು. ಪಿನ್ನಿನಿಂದ ಸುತ್ತಲಿನ ರಬ್ಬರನ್ನು ಸ್ವಲ್ಪ ಸರಿಸಿ, ಮುಳ್ಳನ್ನು ಹೊಕ್ಕ ಕೋನದಲ್ಲೇ ಮೇಲಕ್ಕೆಳೆಯಬೇಕು. ಪಿನ್ನನ್ನು ನೇರ ಕೆಳಕ್ಕೆ ಒತ್ತಿದರೆ ಮುಳ್ಳು ಬಿಟ್ಟ ಕೆಲಸವನ್ನು ಕೈಯಾರೆ ಮುಗಿಸಿದಂತಾಗುತ್ತದೆ.

ಇನ್ನೊಂದು ವಿಷಯ. ಥಾರ್‌ನಲ್ಲಿ ನೆರಳು ಕೊಡುವ ಮರಗಳಲ್ಲಿ ಹೆಚ್ಚಿನವು ಮುಳ್ಳಿನವೇ: ಖೇಜಡಿ (ನಮ್ಮ ದಸರೆಯ ಬನ್ನಿ), ಬಬೂಲ್, ಬೋರೆ. ಮಧ್ಯಾಹ್ನ ನೆರಳು ಕಂಡೊಡನೆ ಸೈಕಲನ್ನು ಮರದ ಬುಡಕ್ಕೆ ತಳ್ಳಿಕೊಂಡು ಹೋಗಿ ಒರಗಿಸುವುದು ಎಲ್ಲರ ಅಭ್ಯಾಸ. ರಸ್ತೆಯಲ್ಲಿ ಆಗದ ಪಂಕ್ಚರ್ ಅಲ್ಲಿ ಆಗುತ್ತದೆ. ಸೈಕಲನ್ನು ರಸ್ತೆ ಅಂಚಿನಲ್ಲೇ ಬಿಡಿ, ನೆರಳಿಗೆ ನೀವು ಹೋಗಿ. ಒಯ್ಯಲೇಬೇಕಾದರೆ ಇಬ್ಬರೂ ಸೇರಿ ಎತ್ತಿ ಒಯ್ಯಿರಿ.

ಹಾಗಾದರೆ ಪ್ಲಸ್ ಟೈರಿನಲ್ಲಿ ಪಂಕ್ಚರ್ ಆಗುವುದು ಯಾವುದರಿಂದ? ಮೊದಲನೆಯದು ಹೆದ್ದಾರಿಯ ತಂತಿ. ಲಾರಿಯ ರೇಡಿಯಲ್ ಟೈರು ಸಿಡಿದಾಗ ಅದರೊಳಗಿನ ಸಣ್ಣ ಉಕ್ಕಿನ ಎಳೆಗಳು ರಸ್ತೆ ಬದಿಯಲ್ಲಿ ಚದುರುತ್ತವೆ. ಕೂದಲಿನಂಥ ಈ ಎಳೆ ಮುರಿಯುವುದೂ ಇಲ್ಲ, ಬಾಗುವುದೂ ಇಲ್ಲ, ಮೆತ್ತನೆಯ ಪದರದಲ್ಲಿ ನಿಧಾನವಾಗಿ ನುಸುಳುತ್ತ ಹೋಗುತ್ತದೆ. ಬೀಕಾನೇರ್, ಫಲೋದಿ, ಪೋಖರಣ್, ಜೈಸಲ್ಮೇರ್ ಸಾಲಿನ ಹೆದ್ದಾರಿಯಲ್ಲಿ ಸಿಡಿದ ಟೈರಿನ ಚಕ್ಕೆ ಕಂಡಲ್ಲೆಲ್ಲ ಎರಡು ಅಡಿ ಒಳಗೆ ಸರಿದು ಹೋಗುವುದು ಒಳ್ಳೆಯದು, ಹಿಂದೆ ಗಾಡಿ ಬರುತ್ತಿಲ್ಲವೆಂದು ನೋಡಿಕೊಂಡು. ಎರಡನೆಯದು ಟೈರಿನ ಪಕ್ಕೆ. ಸ್ಮಾರ್ಟ್‌ಗಾರ್ಡ್ ಇರುವುದು ನೆಲಕ್ಕೆ ತಾಗುವ ಭಾಗದಲ್ಲಿ ಮಾತ್ರ. ಟೆಂಟು ಹಾಕಲು ಪೊದೆಗಳ ನಡುವೆ ನುಗ್ಗಿಸಿದಾಗ ಪಕ್ಕೆಗೆ ಚುಚ್ಚುವ ಮುಳ್ಳನ್ನು ಅದು ತಡೆಯುವುದಿಲ್ಲ. ಮೂರನೆಯದು ಗಾಳಿ ಕಡಿಮೆಯಾಗಿ ರಿಮ್ಮಿನ ಅಂಚಿಗೂ ಗುಂಡಿಯ ಅಂಚಿಗೂ ಮಧ್ಯೆ ಟ್ಯೂಬು ಸಿಕ್ಕಿಕೊಳ್ಳುವುದು. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳು ಕಂಡರೆ ಅದು ಮುಳ್ಳಿನ ಕೆಲಸವಲ್ಲ, ಪಂಪು ಮುಟ್ಟದಿದ್ದವರ ಕೆಲಸ.

ಈ ಮೂರನೆಯದಕ್ಕೆ ಪ್ಲಸ್ ತಾನೇ ದಾರಿ ಮಾಡಿಕೊಡುತ್ತದೆ. ಬೇರೆ ಟೈರಾದರೆ ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಗಾಳಿ ಎಷ್ಟಿದೆ ಎಂದು ಅಂದಾಜಾಗುತ್ತದೆ. ಇದರಲ್ಲಿ ಮೇಲ್ಭಾಗ ಎಷ್ಟು ದಪ್ಪ ಎಂದರೆ ಅರ್ಧ ಗಾಳಿ ಇದ್ದರೂ ಕಲ್ಲಿನ ಹಾಗೇ ಸಿಗುತ್ತದೆ. ನಿಧಾನ ಸೋರಿಕೆ ಇಡೀ ದಿನ ಗೊತ್ತೇ ಆಗುವುದಿಲ್ಲ. ಒತ್ತುವುದಾದರೆ ಪಕ್ಕೆಯನ್ನು ಒತ್ತಿ, ಅದಕ್ಕಿಂತ ಒಳ್ಳೆಯದು ಮೀಟರ್ ಇರುವ ಪಂಪು. ಇಬ್ಬರಲ್ಲಿ ಒಬ್ಬರ ಬಳಿಯಾದರೂ ಕಾಲಿನಲ್ಲಿ ಮೆಟ್ಟಿ ಒತ್ತುವ, ಮೀಟರ್ ಇರುವ ಟೊಪೀಕ್ ಮಾರ್ಫ್ ಥರದ ಪಂಪು ಇರಲೇಬೇಕು. ಅಂಗೈಯಷ್ಟು ಉದ್ದದ ಪಂಪಿನಲ್ಲಿ ಈ ಟೈರಿಗೆ 60 ಪಿಎಸ್‌ಐ ತುಂಬಿಸುವುದು ಆಗದ ಮಾತಲ್ಲ, ಆದರೆ ಆ ದಿನದ ತೋಳು ಅಲ್ಲಿಗೇ ಖರ್ಚಾಗುತ್ತದೆ.

ಎಷ್ಟು ಗಾಳಿ? ಲೆಕ್ಕ ಹೀಗೆ ಹಾಕಿ. ಸವಾರ 70 ಕೆ.ಜಿ., ಸೈಕಲ್ 16, ಸಾಮಾನು 18, ನೀರು 8, ಒಟ್ಟು 112. ಸಾಮಾನೆಲ್ಲ ಹಿಂದಿನ ಕ್ಯಾರಿಯರಿನ ಮೇಲಿದ್ದರೆ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 75 ಕೆ.ಜಿ., ಹಿಂದಿನ ಚಕ್ರಕ್ಕೆ ಬೀಳುತ್ತದೆ. 47 ಮಿ.ಮೀ. ಅಗಲದ ಟೈರಿನಲ್ಲಿ ಈ ಭಾರಕ್ಕೆ ಹಿಂದೆ 60, ಮುಂದೆ 48–50 ಪಿಎಸ್‌ಐ ಸರಿಹೋಗುತ್ತದೆ. ಆದರೆ ಇದನ್ನು ತುಂಬಿಸುವ ಹೊತ್ತು ಮುಖ್ಯ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಜೈಸಲ್ಮೇರ್ ಸುತ್ತ 8 ಡಿಗ್ರಿಗೆ ಇಳಿಯುವುದು ಮಾಮೂಲು. ಆಗ 60 ತುಂಬಿಸಿದ ಟೈರು ಮಧ್ಯಾಹ್ನ 33 ಡಿಗ್ರಿಗೆ ಬಿಸಿಯಾದರೆ 66 ದಾಟುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಪ್ಪು ರಬ್ಬರು 50 ಡಿಗ್ರಿ ಮುಟ್ಟಿದರೆ 71 ಆಗುತ್ತದೆ. 47ರ ಟೈರಿನ ಮಿತಿ 70. ಬೆಳಗ್ಗೆಯೇ ಗರಿಷ್ಠಕ್ಕೆ ತುಂಬಿಸುವವರ ಟೈರು ಒಡೆಯುತ್ತದೆ ಎಂದಲ್ಲ, ಮಿತಿಯಲ್ಲಿ ಅಷ್ಟು ಸಡಿಲು ಇದ್ದೇ ಇರುತ್ತದೆ. ಆದರೆ ಟ್ಯೂಬಿಗೆ ಹಿಂದಿನ ದಿನ ಹಾಕಿದ ತೇಪೆಯ ಅಂಚು ಏಳುವುದು ಇಂಥ ಮಧ್ಯಾಹ್ನಗಳಲ್ಲೇ.

ಈಗ ಈ ಟೈರಿನ ಕುಖ್ಯಾತ ಭಾಗ: ರಿಮ್ಮಿಗೆ ಕೂರಿಸುವುದು. ಹೊಸ ಪ್ಲಸ್ ಟೈರು ಪೆಟ್ಟಿಗೆಯಿಂದ ಬರುವಾಗ ಮಡಚಿದ ಆಕಾರದಲ್ಲೇ ಹಟ ಹಿಡಿದಿರುತ್ತದೆ. ಮೊದಲ ಸಲ ಊರಲ್ಲೇ, ಬಿಸಿಲಲ್ಲಿ ಒಂದು ಗಂಟೆ ಇಟ್ಟು ಮೆತ್ತಗಾದ ಮೇಲೆ ಕೂರಿಸಿ. ಪಕ್ಕೆಯ ಮೇಲೆ ತಿರುಗುವ ದಿಕ್ಕಿನ ಬಾಣ ಇರುತ್ತದೆ, ಅದನ್ನು ಮೊದಲು ನೋಡಿ, ಉಲ್ಟಾ ಹಾಕಿ ಮತ್ತೆ ಬಿಚ್ಚುವ ಶಿಕ್ಷೆ ಬೇಡ. ಒಂದು ಅಂಚು ಪೂರ್ತಿ ಒಳಗೆ ಹಾಕಿ, ಟ್ಯೂಬಿಗೆ ಆಕಾರ ಬರುವಷ್ಟೇ ಗಾಳಿ ತುಂಬಿಸಿ ಒಳಗಿಡಿ. ಎರಡನೆಯ ಅಂಚನ್ನು ವಾಲ್ವಿನ ಎದುರು ಬದಿಯಿಂದ ಶುರು ಮಾಡಿ, ಎರಡೂ ಕೈಯಿಂದ ಅಕ್ಕಪಕ್ಕ ಒತ್ತುತ್ತ ವಾಲ್ವಿನ ಹತ್ತಿರ ಮುಗಿಸಬೇಕು. ಕಾರಣ ಇಷ್ಟೇ: ರಿಮ್ಮಿನ ನಡುವೆ ಒಂದು ತಗ್ಗು ಇದೆ. ಟೈರಿನ ಅಂಚಿನ ತಂತಿ ಆ ತಗ್ಗಿಗೆ ಇಳಿದಷ್ಟೂ ಎದುರು ಬದಿಗೆ ಸಡಿಲು ಸಿಗುತ್ತದೆ. ವಾಲ್ವು ಇರುವಲ್ಲಿ ಅದು ಇಳಿಯಲಾರದು. ವಾಲ್ವಿನಿಂದ ಶುರು ಮಾಡಿದರೆ ಕೊನೆಯ ಒಂದು ಗೇಣು ಎಂದಿಗೂ ಒಳಗೆ ಹೋಗುವುದಿಲ್ಲ, ಲಿವರ್ ಹಾಕಿ ಎಬ್ಬಿಸುವ ಭರದಲ್ಲಿ ಟ್ಯೂಬನ್ನು ನೀವೇ ಕತ್ತರಿಸುತ್ತೀರಿ.

ಒಂಟಿಯಾಗಿ ಕೂರಿಸುವಾಗ ಇನ್ನೊಂದು ಕಾಟ ಇದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಹೊರಗೆ ಬರುತ್ತದೆ. ಒಂಟಿ ಸವಾರರು ಇದಕ್ಕೆ ಕೇಬಲ್ ಟೈ ಕಟ್ಟಿಕೊಳ್ಳುತ್ತಾರೆ. ಜೊತೆಗೊಬ್ಬರು ಇದ್ದರೆ ಅದು ಬೇಡ. ಒಬ್ಬರು ಚಕ್ರವನ್ನು ಮಂಡಿಗೆ ಒರಗಿಸಿ ಎರಡೂ ಕೊನೆಗಳನ್ನು ಹೆಬ್ಬೆರಳಿನಿಂದ ಹಿಡಿದು ನಿಲ್ಲಿಸಲಿ, ಇನ್ನೊಬ್ಬರು ಮಧ್ಯದ ಭಾಗವನ್ನು ಅಂಗೈ ಬುಡದಿಂದ ಉರುಳಿಸಿ ಒಳಗೆ ಹಾಕಲಿ. ಬಾಟಲಿ ಮುಚ್ಚಳದಲ್ಲಿ ಎರಡು ಹನಿ ಸೋಪು ನೀರು ಕಲಸಿ ಅಂಚಿಗೆ ಹಚ್ಚಿದರೆ ಕೆಲಸ ಇನ್ನೂ ಸಲೀಸು. ಕೊನೆಗೆ ಪಕ್ಕೆಯ ಮೇಲಿನ ತೆಳು ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ಎತ್ತರದಲ್ಲಿದೆಯೇ ನೋಡಿ. ಎಲ್ಲಾದರೂ ಮುಳುಗಿದ್ದರೆ ಗಾಳಿ ಇಳಿಸಿ, ಆ ಜಾಗ ಹಿಸುಕಿ, ಮತ್ತೆ ತುಂಬಿಸಿ. ಹಾಗೇ ಬಿಟ್ಟರೆ ಸೈಕಲ್ ಪ್ರತಿ ಸುತ್ತಿಗೂ ಕುಪ್ಪಳಿಸುತ್ತದೆ. ಲಿವರ್‌ಗಳ ವಿಷಯದಲ್ಲಿ ಜಿಪುಣತನ ಬೇಡ, ಟ್ಯೂಬಿನ ಜೊತೆ ಪುಕ್ಕಟೆ ಬರುವ ತೆಳು ಪ್ಲಾಸ್ಟಿಕ್ ಲಿವರ್ ಪ್ಲಸ್‌ನ ಮುಂದೆ ಕಡ್ಡಿಪೆಟ್ಟಿಗೆಯ ಕಡ್ಡಿ. ತಲಾ ಮೂರು ಗಟ್ಟಿ ನೈಲಾನ್ ಲಿವರ್ ಇರಲಿ.

ಬಿಚ್ಚುವುದು ಇಷ್ಟು ಕಷ್ಟ ಎಂದ ಮೇಲೆ ದಾರಿಯಲ್ಲಿ ಪೂರ್ತಿ ಬಿಚ್ಚದಿರುವುದೇ ಜಾಣತನ. ನಮ್ಮ ಊರುಗಳ ಸೈಕಲ್ ಶಾಪಿನವರು ಹಿಂದಿನ ಚಕ್ರ ಕಳಚದೆಯೇ ಪಂಕ್ಚರ್ ಹಾಕುವುದನ್ನು ನೋಡಿದ್ದೀರಿ. ಮರುಭೂಮಿಯಲ್ಲೂ ಅದೇ ಕ್ರಮ. ಮುಳ್ಳು ಅಥವಾ ತಂತಿ ಎಲ್ಲಿ ಹೊಕ್ಕಿದೆ ಎಂದು ಮೊದಲು ಹೊರಗಿನಿಂದ ಹುಡುಕಿ ಅಲ್ಲಿಗೆ ಗುರುತು ಮಾಡಿ. ಬ್ಯಾಗು ಇಳಿಸಿ ಸೈಕಲ್ ಮಲಗಿಸಿ, ಆ ಜಾಗದ ಎಡಬಲಕ್ಕೆ ಎರಡೆರಡು ಗೇಣು ಮಾತ್ರ ಒಂದು ಬದಿಯ ಅಂಚು ಎಬ್ಬಿಸಿ, ಟ್ಯೂಬಿನ ಅಷ್ಟು ಭಾಗ ಹೊರಗೆಳೆಯಿರಿ. ತೂತು ಹುಡುಕಲು ನೀರು ಬೇಡ, ಟ್ಯೂಬನ್ನು ತುಟಿಯ ಹತ್ತಿರ ಹಿಡಿದು ಸರಿಸಿದರೆ ಸಣ್ಣ ಗಾಳಿಯೂ ತಿಳಿಯುತ್ತದೆ. ಉಪ್ಪುಕಾಗದದಿಂದ ತೇಪೆಗಿಂತ ಅಗಲಕ್ಕೆ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಹೊಳಪು ಹೋಗಿ ಒಣಗುವವರೆಗೆ ಕಾದು ತೇಪೆ ಒತ್ತಿ. ಆ ಒಣ ಗಾಳಿಗೆ ಎರಡು ಮೂರು ನಿಮಿಷ ಸಾಕು.

ಇದರಲ್ಲಿ ಕೆಡುವುದು ಸಾಮಾನ್ಯವಾಗಿ ಎರಡು. ಒಂದು, ಒಣಗುವಾಗ ಹಾರಿ ಬಂದು ಕೂರುವ ಮರಳು. ಕಣ್ಣಿಗೆ ಕಾಣದ ನಾಲ್ಕು ಕಣ ಸೊಲ್ಯೂಷನ್ ಮೇಲೆ ಕೂತರೂ ತೇಪೆಯ ಅಂಚು ಮಧ್ಯಾಹ್ನದ ಬಿಸಿಗೆ ಏಳುತ್ತದೆ. ಗೆಳೆಯರು ಗಾಳಿ ಬರುವ ಕಡೆ ಬೆನ್ನು ಮಾಡಿ ಜಾಕೆಟ್ಟನ್ನೋ ಟೆಂಟಿನ ನೆಲಹಾಸನ್ನೋ ಅಡ್ಡ ಹಿಡಿದು ನಿಲ್ಲಬೇಕು. ಎರಡು, ಟ್ಯೂಬನ್ನು ನೆಲದ ಮೇಲೆ ಬಿಡುವುದು. ಅಲ್ಲಿ ಭುರಟ್ ಎಂಬ ಹುಲ್ಲಿನ ಸಣ್ಣ ಮುಳ್ಳುಕಾಯಿ ಎಲ್ಲ ಕಡೆ ಬಿದ್ದಿರುತ್ತದೆ. ಅದು ಟೈರನ್ನು ಏನೂ ಮಾಡದು, ಟ್ಯೂಬಿಗೆ ಅಂಟಿ ಒಳಗೆ ಸೇರಿದರೆ ಹೊಸ ಟ್ಯೂಬೂ ನೂರು ಗಜ ಬಾಳುವುದಿಲ್ಲ. ಟ್ಯೂಬು ತೊಡೆಯ ಮೇಲಿರಲಿ. ಒಮ್ಮೆ ತೆರೆದ ಸೊಲ್ಯೂಷನ್ ಆ ಬಿಸಿಗೆ ಬೇಗ ಗಟ್ಟಿಯಾಗುತ್ತದೆ, ಆದ್ದರಿಂದ ತೆರೆಯದ ಸೊಲ್ಯೂಷನ್ ಒಂದನ್ನು ಬೇರೆಯಾಗಿ ಇಟ್ಟಿರಬೇಕು. ಪಕ್ಕೆ ಸೀಳಿದ್ದರೆ ತೇಪೆ ಸಾಲದು. ಖಾಲಿ ಟೂತ್‌ಪೇಸ್ಟ್ ಟ್ಯೂಬಿನಿಂದ ಮೂರು ಬೆರಳಗಲದ ತುಂಡು ಕತ್ತರಿಸಿ, ಅಂಚುಗಳನ್ನು ದುಂಡಗೆ ಮಾಡಿ ಟೈರಿನ ಒಳಗಡೆ ಇಟ್ಟು, ಗಾಳಿ ಹತ್ತು ಪಿಎಸ್‌ಐ ಕಡಿಮೆ ತುಂಬಿಸಿ ಊರು ಸೇರಿಕೊಳ್ಳಿ.

ಇಬ್ಬರ ಪ್ರವಾಸ ಎಂದಾಗ ಟೈರಿನ ಆಯ್ಕೆ ಒಬ್ಬರದಲ್ಲ. ಇಬ್ಬರ ಚಕ್ರವೂ ಒಂದೇ ಅಳತೆಯದಾಗಿರಲಿ. ಒಬ್ಬರದು 700ಸಿ, ಇನ್ನೊಬ್ಬರದು 26 ಇಂಚು ಆದರೆ ಟ್ಯೂಬು, ಕಡ್ಡಿ, ಹೆಚ್ಚುವರಿ ಟೈರು ಎಲ್ಲವೂ ಎರಡೆರಡು ಹೊರಬೇಕು. ದಾರಿಯ ಅಂಗಡಿಗಳನ್ನು ನಂಬುವುದಾದರೆ 26 ಇಂಚು ಎಂಟಿಬಿ, ಅಂದರೆ 559 ಅಳತೆಯ (ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ, ಮಿ.ಮೀ. ಲೆಕ್ಕದಲ್ಲಿ) ಟೈರು ಜಿಲ್ಲಾ ಪಟ್ಟಣಗಳಲ್ಲಿ ಸಿಕ್ಕೀತು. 700ಸಿ ಅಳತೆಯದು 622. ಹಳ್ಳಿಯಲ್ಲಿ ಸಿಗುವ ಹಳೇ ಮಾದರಿ ದೊಡ್ಡ ಸೈಕಲ್ಲಿನ 28 ಇಂಚಿನದು 635, ನೋಡಲು ಒಂದೇ ಥರ ಇದ್ದರೂ ನಿಮ್ಮ ರಿಮ್ಮಿಗೆ ಕೂರುವುದಿಲ್ಲ. ಅದರ ಟ್ಯೂಬು ಮಾತ್ರ ಆಪತ್ತಿಗೆ ಆದೀತು. ವಾಲ್ವು ಮೋಟಾರುಬೈಕಿನ ಥರದ್ದೇ ಇರಲಿ, ಶ್ವಾಲ್ಬೆ ಟ್ಯೂಬುಗಳಲ್ಲಿ ಹೆಸರು ಎವಿ ಎಂದು ಶುರುವಾಗುವುದು ಅದು. ಲಾರಿ ಟೈರಿನ ಅಂಗಡಿಯಲ್ಲೂ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಸಬಹುದು. ಸಣ್ಣ ವಾಲ್ವಿಗಾಗಿ ಕೊರೆದ ರಿಮ್ಮಿನ ತೂತು 6.5 ಮಿ.ಮೀ., ಇದಕ್ಕೆ 8.5 ಬೇಕು. ಹೊರಡುವ ಮೊದಲೇ ಸೈಕಲ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಅಂಚಿನ ಚೂಪು ಅರದಲ್ಲಿ ಸವರಿಸಿಕೊಳ್ಳಿ.

ಹೆಚ್ಚುವರಿ ಟೈರಾಗಿ ಇನ್ನೊಂದು ಪ್ಲಸ್ ಒಯ್ಯುವುದು ದಡ್ಡತನ. ಇದರ ಅಂಚಿನಲ್ಲಿ ಉಕ್ಕಿನ ತಂತಿ ಇದೆ, ಚಿಕ್ಕದಾಗಿ ಮಡಚಲು ಬರುವುದಿಲ್ಲ, 47ರ ತೂಕ ಒಂದಕ್ಕೆ ಸುಮಾರು 1.2 ಕೆ.ಜಿ. ಇಬ್ಬರಿಗೂ ಸೇರಿ ಮಡಚುವಂಥ ಹಗುರ ಟೈರು ಒಂದು, ತಲಾ ಎರಡು ಟ್ಯೂಬು ಸಾಕು. ಹಂಚಿಕೊಳ್ಳುವಾಗ ಒಂದು ನಿಯಮ ಬಿಡಬೇಡಿ: ದೊಡ್ಡ ಪಂಪು ಮತ್ತು ಟೂಲ್ ಚೀಲ ಇರುವವರು ಹಿಂದೆ ಇರಬೇಕು. ಪಂಪು ಇರುವವರು ಐದು ಕಿ.ಮೀ. ಮುಂದೆ ಹೋಗಿಬಿಟ್ಟರೆ, ಮೊಬೈಲ್ ಸಿಗ್ನಲ್ ಇಲ್ಲದ ಗಡಿ ರಸ್ತೆಯಲ್ಲಿ ಹಿಂದಿನವರು ಕೂತಲ್ಲೇ ಕೂರಬೇಕು. ಚಕ್ರಕ್ಕೆ ಚಕ್ರ ತಾಗಿಸಿ ಗಾಳಿ ಮರೆಯಲ್ಲಿ ಹೋಗುವುದೂ ಇಲ್ಲಿ ಅಷ್ಟು ಲಾಭದ್ದಲ್ಲ, ಹಿಂದಿನವರಿಗೆ ರಸ್ತೆಯೇ ಕಾಣುವುದಿಲ್ಲ. ಎರಡು ಸೈಕಲ್ ಅಂತರ ಬಿಟ್ಟು, ಮುಂದಿನವರು ಮುಳ್ಳು ಕಂಡಾಗ ಕೈ ತೋರಿಸುವ ಅಭ್ಯಾಸ ಇಟ್ಟುಕೊಳ್ಳಿ.

ಮತ್ತೆ, ಹಾಕುವುದಾದರೆ ಇಬ್ಬರೂ ಪ್ಲಸ್ಸನ್ನೇ ಹಾಕಿ. ಇದು ನಿಧಾನದ ಟೈರು, ಅದರಲ್ಲಿ ಎರಡು ಮಾತಿಲ್ಲ. ದಪ್ಪ ರಬ್ಬರು ನೆಲಕ್ಕೆ ತಾಗಿ ಚಪ್ಪಟೆಯಾಗಿ ಮತ್ತೆ ದುಂಡಾಗುವಷ್ಟರಲ್ಲಿ ಕಾಲಿನ ಶಕ್ತಿಯ ಒಂದು ಪಾಲು ತಿನ್ನುತ್ತದೆ. ಒಬ್ಬರದು ಪ್ಲಸ್, ಇನ್ನೊಬ್ಬರದು ಹಗುರ ಓಟದ ಟೈರು ಎಂದಾದರೆ ಸಮಬಲದ ಗೆಳೆಯರ ನಡುವೆಯೂ ಗಂಟೆ ಕಳೆಯುವುದರೊಳಗೆ ಅಂತರ ಬೀಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಬ್ಬರು ಕಾಯುವುದು, ಒಬ್ಬರು ಸುಸ್ತಾಗುವುದು, ಸಂಜೆ ಮಾತು ಕಡಿಮೆಯಾಗುವುದು. ಜೋಡಿ ಪ್ರವಾಸಗಳು ಕೆಡುವುದು ಹೆಚ್ಚಾಗಿ ಇಂಥ ಸಣ್ಣ ವ್ಯತ್ಯಾಸಗಳಲ್ಲೇ.

ಮರಳಿನ ಮಾತಿಗೆ ಬಂದರೆ ಪ್ಲಸ್‌ಗೆ ಅಂಕ ಕೊಡುವ ಪ್ರಶ್ನೆಯೇ ಇಲ್ಲ. ಜೈಸಲ್ಮೇರ್ ಹತ್ತಿರದ ಸಮ್ ಎಂಬ ಊರಿನ ಕಡೆಯ ದಿಬ್ಬಗಳಿರಲಿ, ಡೆಸರ್ಟ್ ನ್ಯಾಷನಲ್ ಪಾರ್ಕಿನ ಅಂಚಿನ ಗಾಡಿ ಜಾಡುಗಳಿರಲಿ, ಸಡಿಲ ಮರಳಿನಲ್ಲಿ ತೇಲಲು ಟೈರು ಗಾಳಿ ಇಳಿಸಿದಾಗ ಅಗಲಕ್ಕೆ ಚಪ್ಪಟೆಯಾಗಬೇಕು. ಪ್ಲಸ್ 30 ಪಿಎಸ್‌ಐಗೆ ಇಳಿಸಿದರೂ ತನ್ನ ಗಟ್ಟಿ ಬೆನ್ನಿನ ಮೇಲೇ ನಿಲ್ಲುತ್ತದೆ, ಮರಳನ್ನು ಕೊರೆಯುತ್ತದೆ. ನಿಜವಾಗಿ ಮರಳು ದಾಟುವವರಿಗೆ 4 ಇಂಚಿನ ಫ್ಯಾಟ್‌ಬೈಕ್ ಬೇಕು, ಅದು ಬೇರೆಯೇ ಪ್ರವಾಸ. ಡಾಂಬರಿನ ದಾರಿಯಲ್ಲಿ ಎದುರಾಗುವುದು ಗಾಳಿಗೆ ಬಂದು ರಸ್ತೆಗೆ ಅಡ್ಡ ಮಲಗಿದ ಮರಳಿನ ನಾಲಿಗೆಗಳು. ಅಂಗೈ ದಪ್ಪದವು ನೇರ ಹ್ಯಾಂಡಲ್ ಹಿಡಿದು, ಬ್ರೇಕ್ ಮುಟ್ಟದೆ ದಾಟಿದರೆ ಸಾಕು. ಅದಕ್ಕಿಂತ ದಪ್ಪ ಕಂಡರೆ ಮೊದಲೇ ಇಳಿಯಿರಿ. ಮುಂದಿನ ಚಕ್ರದ ಮೇಲೆ ನೀರಿನ ಭಾರ ಹೇರಿದವರು ಇನ್ನೂ ಬೇಗ ಇಳಿಯಬೇಕು, ಮುಂಚಕ್ರ ಹೂತರೆ ಸವಾರ ಹ್ಯಾಂಡಲ್ ಮೇಲಿಂದ ಹೋಗುತ್ತಾನೆ.

ಬದಲಿ ಏನಿದೆ? ಅದೇ ಕಂಪನಿಯ ಮ್ಯಾರಥಾನ್ ಮಾಂಡಿಯಲ್ ಅದೇ ಅಳತೆಗೆ ಕೆಲವು ನೂರು ಗ್ರಾಂ ಹಗುರ, ಮಡಚಬಹುದು, ಜಲ್ಲಿ ರಸ್ತೆಯಲ್ಲಿ ಹಿಡಿತ ಉತ್ತಮ. ಲಡಾಖಿಗೋ ಸ್ಪಿತಿಗೋ ಹೋಗುವವರಿಗೆ ಕಣ್ಣುಮುಚ್ಚಿ ಅದನ್ನೇ ಹೇಳಬಹುದು. ಥಾರ್‌ನ ನೆಗ್ಗಿಲಿಗೆ ಅದರ ಪದರ ಸಾಲದು. ಟ್ಯೂಬ್‌ಲೆಸ್ ಮಾಡಿಸಿ ಸೀಲೆಂಟ್ (ತೂತನ್ನು ಒಳಗಿನಿಂದ ಮುಚ್ಚುವ ಅಂಟು ದ್ರವ) ಹಾಕಿದರೆ ನೆಗ್ಗಿಲಿನಂಥ ಸಣ್ಣ ತೂತುಗಳಿಗೆ ಅದಕ್ಕಿಂತ ಚೆನ್ನಾದ ಉಪಾಯ ಇಲ್ಲ. ಆದರೆ ಆ ಒಣ ಹವೆಗೆ ಸೀಲೆಂಟ್ ಬೇಗ ಆರುತ್ತದೆ, ಪಕ್ಕೆ ಸೀಳಿದರೆ ರಸ್ತೆ ಬದಿಯಲ್ಲಿ ಅಂಟು ರಾಡಿಯ ನಡುವೆ ಟ್ಯೂಬು ಹಾಕಬೇಕು. ಅದರ ಪಳಗಿದ ಕೈ ಇಬ್ಬರಲ್ಲಿ ಒಬ್ಬರಿಗಾದರೂ ಇದ್ದರೆ ಯೋಚಿಸಿ. ಪ್ಲಸ್ ಟೈರೇ ಟ್ಯೂಬ್‌ಲೆಸ್‌ಗೆ ಮಾಡಿದ್ದಲ್ಲ, ಅದರಲ್ಲಿ ಪ್ರಯೋಗ ಬೇಡ. ಮಾಮೂಲಿ ಟೈರಿನ ಒಳಗೆ ಪ್ಲಾಸ್ಟಿಕ್ ಪಟ್ಟಿ ಹಾಸುವುದು ಅಗ್ಗದ ದಾರಿ, ಆದರೆ ಪಟ್ಟಿಯ ತುದಿ ಟ್ಯೂಬನ್ನು ಉಜ್ಜಿ ಉಜ್ಜಿ ತಾನೇ ತೂತು ಮಾಡುತ್ತದೆ. ಮುನ್ನೂರು ಕಿ.ಮೀ. ಸುತ್ತಿಗೆ ನಡೆದೀತು, ಸಾವಿರಕ್ಕೆ ಬೇಡ.

ದಾರಿಯ ಬಗ್ಗೆ ಚುಟುಕಾಗಿ: ಜೈಸಲ್ಮೇರ್‌ನಿಂದ ರಾಮ್‌ಗಢ ಸುಮಾರು 65 ಕಿ.ಮೀ., ಅಲ್ಲಿಂದ ತನೋಟ್ 55, ತನೋಟ್‌ನಿಂದ 1971ರ ಯುದ್ಧದ ಲೋಂಗೇವಾಲಾ 40, ಮರಳಿ ರಾಮ್‌ಗಢಕ್ಕೆ 45. ಜೈಸಲ್ಮೇರ್‌ಗೆ ವಾಪಸ್ಸಾದರೆ ಸುತ್ತು 270ರ ಆಸುಪಾಸು. ರಾಮ್‌ಗಢ ದಾಟಿದ ಮೇಲೆ ಸೈಕಲ್ ಅಂಗಡಿಯ ಆಸೆ ಬಿಡಿ, ತಲಾ 6–8 ಲೀಟರ್ ನೀರು ಅಲ್ಲೇ ತುಂಬಿಸಿಕೊಳ್ಳಿ. ತನೋಟ್ ಮಾತಾ ಗುಡಿಯನ್ನು ನೋಡಿಕೊಳ್ಳುವುದು ಬಿಎಸ್‌ಎಫ್, ಅದರಾಚೆ ಗಡಿ ಕಂಬದವರೆಗೆ ಹೋಗಲು ಅವರ ಅನುಮತಿ ಬೇಕು. ಹೊರಡುವುದು ನವೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ. ಇದೇ ಸಾಲಿನ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿದೆ, ಆ ಬಿಸಿಗೆ ಟೈರಿನ ವಿಮರ್ಶೆ ಯಾರಿಗೂ ಬೇಕಾಗುವುದಿಲ್ಲ. ಯಶವಂತಪುರದಿಂದ ಬೀಕಾನೇರ್‌ಗೂ ಬಾಡ್ಮೇರ್‌ಗೂ ನೇರ ರೈಲಿದೆ. ಸೈಕಲನ್ನು ಪಾರ್ಸೆಲ್ಲಿನಲ್ಲಿ ಹಾಕುವಾಗ ಗಾಳಿ ಪೂರ್ತಿ ತೆಗೆಯಬೇಡಿ, ಅರ್ಧ ಬಿಡಿ. ಪಾರ್ಸೆಲ್ ಬೋಗಿಯಿಂದ ಇಳಿಸುವಾಗ ಕೆಳಗೆ ಬಿದ್ದರೆ ಖಾಲಿ ಟೈರಿನ ರಿಮ್ಮು ಡೊಂಕಾಗುತ್ತದೆ.

ಕೊಳ್ಳುವ ಮೊದಲು ನಿಮ್ಮ ಫ್ರೇಮಿನಲ್ಲಿ ಜಾಗ ಅಳೆಯಿರಿ. ಪ್ಲಸ್ ಬರೀ ಅಗಲವಲ್ಲ, ಪದರದಿಂದಾಗಿ ಎತ್ತರವೂ ಹೆಚ್ಚು. 47 ಹಾಕಲು ಹಿಂದಿನ ಕವೆಯಲ್ಲಿ ಚಕ್ರದ ಜಾಗ ಒಳ ಅಳತೆಗೆ 57 ಮಿ.ಮೀ. ಆದರೂ ಇರಬೇಕು, ಮಡ್‌ಗಾರ್ಡ್ ಇದ್ದರೆ ಇನ್ನೂ ಹೆಚ್ಚು. ಅಷ್ಟಿಲ್ಲದ ಹೈಬ್ರಿಡ್ ಸೈಕಲ್ಲಿಗೆ 700x35, ಅಂದರೆ 37-622 ಎಂದು ಅಚ್ಚಾಗಿರುವುದು, ಸುಮಾರು 900 ಗ್ರಾಂ, ಸಾಕು. ಮುಳ್ಳಿನ ರಕ್ಷಣೆಯಲ್ಲಿ ಅದು ಒಂದಿಷ್ಟೂ ಕಡಿಮೆಯಲ್ಲ, ಪದರ ಅಷ್ಟೇ ದಪ್ಪ. ಬೆಲೆ ದೇಶಿ ಟೈರಿಗಿಂತ ಹಲವು ಪಟ್ಟು, ಆದರೆ ಡಾಂಬರಿನಲ್ಲಿ ಒಂದು ಜೊತೆ 10 ಸಾವಿರ ಕಿ.ಮೀ. ದಾಟುವುದು ಅಪರೂಪವಲ್ಲ. ಹಣ ಒಂದಕ್ಕೇ ಸಾಲುವುದಾದರೆ ಹಿಂದಿನ ಚಕ್ರಕ್ಕೆ ಹಾಕಿ, ಭಾರ ಅಲ್ಲಿ, ಪಂಕ್ಚರ್ ಹೆಚ್ಚು ಆಗುವುದೂ ಅಲ್ಲೇ, ಬಿಚ್ಚಲು ಕಷ್ಟವೂ ಅದೇ. ಹಾಕಿಸಿದ ಮೇಲೆ ನೇರ ರಾಜಸ್ಥಾನಕ್ಕೆ ಹೋಗಬೇಡಿ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ನಾಲೆ ಏರಿಗಳ ಮೇಲೆ ಜಾಲಿ ಬೇಕಾದಷ್ಟಿದೆ. ಪೂರ್ತಿ ಸಾಮಾನು ಹೇರಿಕೊಂಡು ಅಲ್ಲಿ ಎರಡು ದಿನ ಓಡಿಸಿ, ಒಂದು ಸಲವಾದರೂ ಇಬ್ಬರೂ ಸೇರಿ ಟೈರು ಬಿಚ್ಚಿ ಹಾಕಿ ನೋಡಿ. ಇಪ್ಪತ್ತು ನಿಮಿಷದೊಳಗೆ ಮುಗಿದರೆ ಟಿಕೆಟ್ ಬುಕ್ ಮಾಡಬಹುದು.